ಶಕ್ತಿಯದು ಏಕಮುಖ ಸಂಚಾರ

ಮಾಘ ಕಳೆದು ಫಾಲ್ಗುಣ ಬಂತೆಂದರೆ ಮಲ್ಲೇಶ್ವರದ ಅಡ್ಡರಸ್ತೆಗಳಲ್ಲಿ ಹೊಂಗೆಯ ಮರಗಳು ಎಲೆ ಉದುರಿಸತೊಡಗುತ್ತವೆ. ಯುಗಾದಿಯ ಹೊತ್ತಿಗೆ ಅವು ಮತ್ತೆ ಚಿಗುರಿ ನಿಂತಿರುತ್ತವೆ. ನಡುವಿನ ಆ ನಾಲ್ಕಾರು ವಾರ, ಬೆಳಗಿನ ಹೊತ್ತು ಸಂಪಿಗೆ ರಸ್ತೆಯ ಕಡೆಗೆ ನಡೆದುಹೋಗುವವರ ಮೂಗಿಗೆ ಬಡಿಯುವುದು ಸಂಪಿಗೆಯ ಕಂಪಲ್ಲ. ಮೂಲೆಮೂಲೆಗಳಲ್ಲಿ ಗುಡಿಸಿ ಗುಡ್ಡೆ ಹಾಕಿ ಕಡ್ಡಿ ಗೀರಿದ ತರಗೆಲೆಯ ಹೊಗೆ.

ಕಳೆದ ಭಾನುವಾರ ನಮ್ಮ ಬೀದಿಯ ಹಿರಿಯರೊಬ್ಬರು ಒಂದು ಕಾಗದ ಹಿಡಿದು ಮನೆಗೆ ಬಂದರು. ನಿವೃತ್ತ ಎಂಜಿನಿಯರರು, ಸಜ್ಜನರು. ಬೀದಿಯ ದೀಪ ಕೆಟ್ಟರೆ ಮೊದಲು ಓಡಾಡುವವರು ಅವರೇ. ಕಾಗದದಲ್ಲಿದ್ದದ್ದು ಒಂದು ಮನವಿ. ತಿರುವಿನಲ್ಲಿರುವ ಹಳೆಯ ಹೊಂಗೆ ಮರದಿಂದ ಕಸ ಬೀಳುತ್ತಿದೆ, ಚರಂಡಿ ಕಟ್ಟಿಕೊಳ್ಳುತ್ತಿದೆ, ಎಲೆ ಸುಟ್ಟ ಹೊಗೆಯಿಂದ ವೃದ್ಧರಿಗೂ ಮಕ್ಕಳಿಗೂ ತೊಂದರೆಯಾಗುತ್ತಿದೆ. ಆದಕಾರಣ ಮರವನ್ನು ತೆಗೆಸಿಕೊಡಬೇಕು. ಹದಿನಾಲ್ಕು ಸಹಿಗಳು ಆಗಿದ್ದವು. ಹದಿನೈದನೆಯದು ನನ್ನದಾಗಬೇಕಾಗಿತ್ತು.

"ಎಲೆ ಸುಡುವವರು ನಾವು, ತಪ್ಪು ಮರದ್ದೇ, ಸಾರ್?" ಎಂದೆ.

ಅವರು ನಕ್ಕರು. "ಸುಟ್ಟರೇನು, ಕೊಳೆತರೇನು ಮೇಷ್ಟ್ರೇ? ಶಕ್ತಿಗೆ ನಾಶವಿಲ್ಲ ಅಂತ ನೀವೂ ಹೈಸ್ಕೂಲಿನಲ್ಲಿ ಓದಿಲ್ಲವೇ? ಬೆಂಕಿಯಲ್ಲಿ ಹೋದದ್ದು ಇನ್ನೊಂದು ರೂಪದಲ್ಲಿ ಬಂದೇ ಬರುತ್ತದೆ. ಎಲ್ಲಾ ಪ್ರಕೃತಿಯ ಚಕ್ರ. ಸಹಿ ಹಾಕಿ."

ನಾನು ಹಾಕಲಿಲ್ಲ. "ಹಾಗಾದರೆ ಕಾರಣ ಬರೆದು ಕೊಡಿ" ಎಂದು ಹೇಳಿ ಅವರು ಹೊರಟುಹೋದರು. ಚೀಟಿಯಲ್ಲಿ ಮುಗಿಯುವ ಕಾರಣವಲ್ಲವಾದ್ದರಿಂದ ಅದನ್ನು ವಾಚಕರ ಮುಂದೆಯೇ ಇಡುತ್ತಿದ್ದೇನೆ. ಅವರೊಬ್ಬರ ಮಾತಾಗಿದ್ದರೆ ಇಷ್ಟು ಬರೆಯಬೇಕಾಗಿರಲಿಲ್ಲ. ಊರಿನ ವಿದ್ಯಾವಂತರ ನಾಲಗೆಯ ತುದಿಯಲ್ಲೆಲ್ಲ ಇರುವ ಮಾತು ಅದು. ಅದರಲ್ಲಿ ಅರ್ಧ ನಿಜ. ಉಳಿದರ್ಧ ಸುಳ್ಳು. ಆ ಸುಳ್ಳಿನ ನೆರಳಿನಲ್ಲಿಯೇ ನಾವು ಪ್ರತಿ ವರ್ಷ ಕಡ್ಡಿ ಗೀರುತ್ತಿದ್ದೇವೆ.

ಕನ್ನಡದ ಮೇಷ್ಟರಿಗೆ ಈ ಉಸಾಬರಿ ಏಕೆ ಎಂದು ಕೇಳುವವರುಂಟು. ಬೆಳ್ಳಾವೆ ವೆಂಕಟನಾರಣಪ್ಪನವರು ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಿದ್ದವರು; 1918ರಲ್ಲಿ ನಂಗಪುರಂ ವೆಂಕಟೇಶ ಅಯ್ಯಂಗಾರರೊಡನೆ 'ವಿಜ್ಞಾನ' ಎಂಬ ಕನ್ನಡ ಮಾಸಪತ್ರಿಕೆಯನ್ನು ಹೊರಡಿಸಿದವರು; ಅವರೇ ಮುಂದೆ ಪಂಪಭಾರತವನ್ನೂ ಸಂಪಾದಿಸಿ ಕೊಟ್ಟರು. ಭೌತಶಾಸ್ತ್ರದವರು ಪಂಪನನ್ನು ಮುಟ್ಟಬಹುದಾದರೆ ಕನ್ನಡದವನು ಒಂದು ತರಗೆಲೆಯನ್ನು ಮುಟ್ಟಬಾರದೇಕೆ? ಅಲ್ಲದೆ ಇಲ್ಲಿ ಆಗಿರುವ ತಪ್ಪು ಒಂದು ಶಬ್ದದ್ದು. ಶಬ್ದದ ತಪ್ಪನ್ನು ತಿದ್ದುವುದು ನನ್ನ ವೃತ್ತಿ.

ಆ ಶಬ್ದ 'ಚಕ್ರ'. ನೀರಿಗೆ ಚಕ್ರ ಉಂಟು. ಕಡಲಿನಿಂದ ಮೋಡ, ಮೋಡದಿಂದ ಮಳೆ, ಮಳೆಯಿಂದ ಹೊಳೆ, ಹೊಳೆಯಿಂದ ಮತ್ತೆ ಕಡಲು. ಸಾರಜನಕಕ್ಕೂ ಇಂಗಾಲಕ್ಕೂ ಚಕ್ರಗಳುಂಟು. ಇವೆಲ್ಲ ದ್ರವ್ಯಗಳು. ಇಂದು ಹೊಂಗೆಯ ಎಲೆಯಲ್ಲಿರುವ ಸಾರಜನಕದ ಕಣ ನಾಳೆ ಎರೆಹುಳುವಿನ ಮೈಯಲ್ಲಿ, ನಾಡಿದ್ದು ಮಣ್ಣಿನಲ್ಲಿ, ಬರುವ ವರ್ಷ ಮತ್ತೆ ಅದೇ ಹೊಂಗೆಯ ಚಿಗುರಿನಲ್ಲಿ ಇರಬಹುದು. ಶಕ್ತಿಯ ಸಂಗತಿ ಹಾಗಲ್ಲ. ಅದಕ್ಕೆ ನಾಶವಿಲ್ಲವೆಂಬುದು ಉಷ್ಣಗತಿವಿಜ್ಞಾನದ ಮೊದಲನೆಯ ನಿಯಮ. ನಮ್ಮ ಹಿರಿಯರು ಅದನ್ನು ಚೆನ್ನಾಗಿ ನೆನಪಿಟ್ಟಿದ್ದಾರೆ. ಎರಡನೆಯ ನಿಯಮವೂ ಒಂದುಂಟು. ಅದು ಮಾತ್ರ ಅವರಿಗೆ ಆ ಭಾನುವಾರ ಮರೆತಿತ್ತು. ಶಕ್ತಿ ಕೈ ಬದಲಾಯಿಸಿದಾಗಲೆಲ್ಲ ಅದರ ಒಂದು ಪಾಲು ಬಿಸಿಯಾಗಿ ಸುತ್ತಣ ಗಾಳಿಗೂ ನೆಲಕ್ಕೂ ಹಂಚಿಹೋಗುತ್ತದೆ. ಹಾಗೆ ಹಂಚಿಹೋದ ಬಿಸಿಯನ್ನು ಒಟ್ಟುಗೂಡಿಸಿ ಮತ್ತೆ ಎಲೆ ಮಾಡಿಕೊಳ್ಳಬಲ್ಲ ಮರ ಈ ಭೂಮಿಯ ಮೇಲೆ ಇಲ್ಲ. ಆ ಬಿಸಿ ಕೊನೆಗೆ ಕಣ್ಣಿಗೆ ಕಾಣದ ಕಿರಣವಾಗಿ ಆಕಾಶಕ್ಕೆ ಹೊರಟುಹೋಗುತ್ತದೆ. ನಾಶವಾಗಲಿಲ್ಲ, ನಿಜ. ಆದರೆ ನಮ್ಮ ಪಾಲಿಗೆ ಹೋಯಿತು, ಹೋದದ್ದು ಮರಳುವುದಿಲ್ಲ.

ಸಂಪಿಗೆ ರಸ್ತೆಯ ಬಹುಭಾಗ ಏಕಮುಖ ಸಂಚಾರದ ರಸ್ತೆ. ಅಲ್ಲಿ ಓಡಾಡುವವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ದ್ರವ್ಯ ನಾಲ್ಕು ಅಡ್ಡರಸ್ತೆ ಸುತ್ತಿ ಹೊರಟಲ್ಲಿಗೇ ಬಂದು ಸೇರುವ ವಾಹನ. ಶಕ್ತಿ ಒಂದು ತುದಿಯಲ್ಲಿ ಒಳಹೊಕ್ಕು ಇನ್ನೊಂದು ತುದಿಯಲ್ಲಿ ಹೊರಬೀಳುವ ವಾಹನ. ಅದಕ್ಕೆ ಹಿಂತಿರುಗುವ ಹಾದಿಯೇ ಇಲ್ಲ. ನಾವು ಕೇಳಬೇಕಾದ ಪ್ರಶ್ನೆ ಒಂದೇ: ದಾರಿಯಲ್ಲಿ ಅದು ಎಷ್ಟು ಜನರನ್ನು ಹತ್ತಿಸಿಕೊಂಡು ಹೋಯಿತು?

ಲೆಕ್ಕವನ್ನು ವಿದ್ಯುತ್ ಬಿಲ್ಲಿನ ಭಾಷೆಯಲ್ಲಿ ಹೇಳಿದರೆ ಎಲ್ಲರಿಗೂ ತಿಳಿಯುತ್ತದೆ. ಬೆಂಗಳೂರಿನಲ್ಲಿ ಒಂದು ಚದರ ಮೀಟರ್ ನೆಲದ ಮೇಲೆ ವರ್ಷದ ಸರಾಸರಿಯಲ್ಲಿ ದಿನಕ್ಕೆ 5 ಯೂನಿಟ್ಟಿಗೂ ತುಸು ಹೆಚ್ಚು ಬಿಸಿಲು ಬೀಳುತ್ತದೆ. ಹಸುರೆಲೆ ಅದರಲ್ಲಿ ಹಿಡಿದಿಟ್ಟುಕೊಳ್ಳುವುದು ನೂರಕ್ಕೆ ಒಂದು ಪಾಲಿನ ಆಸುಪಾಸು. ಅದರಲ್ಲಿಯೂ ಸರಿಸುಮಾರು ಅರ್ಧ ಮರದ ಸ್ವಂತ ಉಸಿರಾಟಕ್ಕೇ ಖರ್ಚು. ಉಳಿದದ್ದು ಎಲೆ, ಹೂವು, ಕಾಯಿ, ಕಟ್ಟಿಗೆ. ಇಷ್ಟು ಜುಗ್ಗತನದಿಂದ ಕೂಡಿಟ್ಟ ಗಂಟು ಅದು. ಒಣಗಿದ ಎಲೆ ಒಂದು ಕಿಲೋ ಇದ್ದರೆ ಅದರಲ್ಲಿ ಸುಮಾರು 4 ಯೂನಿಟ್ಟಿನಷ್ಟು ಶಕ್ತಿ ಅಡಗಿದೆ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆ ಒಂದು ಮನೆಗೆ ತಿಂಗಳಿಗೆ ಹಾಕಿದ ಮೇಲ್ಮಿತಿ 200 ಯೂನಿಟ್. ಐವತ್ತು ಕಿಲೋ ತರಗೆಲೆಯ ಒಂದು ಗುಡ್ಡೆಯಲ್ಲಿ ಅಷ್ಟೂ ಇದೆ. ಎಲೆಯಲ್ಲಿರುವುದು ವಿದ್ಯುತ್ತಲ್ಲ ಎಂಬ ಆಕ್ಷೇಪಣೆ ಸರಿಯೇ. ಆದರೆ ಮೂಲೆಯಲ್ಲಿ ಕಡ್ಡಿ ಗೀರಿ ಅರ್ಧ ಗಂಟೆಯಲ್ಲಿ ನಾವು ಮುಗಿಸಿಬಿಡುವುದು ಅಲ್ಪವಲ್ಲವೆಂದು ತಿಳಿಯಲು ಈ ಹೋಲಿಕೆ ಸಾಕು.

ಈ ಶಕ್ತಿ ಎಲೆಯಿಂದ ಮುಂದೆ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಲೆಕ್ಕ ಹಾಕಿ ತೋರಿಸಿದವರಲ್ಲಿ ಮುಖ್ಯನಾದವನು ಅಮೆರಿಕದ ರೇಮಂಡ್ ಲಿಂಡೆಮನ್ ಎಂಬ ತರುಣ. ಮಿನ್ನೆಸೋಟದ ಒಂದು ಸಣ್ಣ ಕೆರೆಯನ್ನು ವರ್ಷಗಟ್ಟಲೆ ಅಳೆದು, ಪಾಚಿಯಿಂದ ಸೀಗಡಿಗೆ, ಸೀಗಡಿಯಿಂದ ಮೀನಿಗೆ ಎಂಬಂತೆ ಮೆಟ್ಟಿಲು ಮೆಟ್ಟಿಲಾಗಿ ಶಕ್ತಿ ಹೇಗೆ ಕರಗುತ್ತ ಹೋಗುತ್ತದೆ ಎಂದು ಅವನು ಬರೆದ. ಲೇಖನ ಬರಿಯ ಸಿದ್ಧಾಂತವೆಂದು ಪತ್ರಿಕೆಯವರು ಮೊದಲು ತಿರಸ್ಕರಿಸಿದರು. 1942ರಲ್ಲಿ ಅದು ಅಚ್ಚಾದಾಗ ನೋಡಿ ಸಂತೋಷಪಡಲು ಲಿಂಡೆಮನ್ ಇರಲಿಲ್ಲ. ಕೆಲವು ತಿಂಗಳ ಮುಂಚೆ ತೀರಿಕೊಂಡಿದ್ದ. ಅವನಿಗಾಗ 26 ವರ್ಷ. ಇಂದು ಜೀವಶಾಸ್ತ್ರದ ಪಠ್ಯಪುಸ್ತಕದಲ್ಲಿ ಮಕ್ಕಳು ಓದುವ 'ಹತ್ತರಲ್ಲಿ ಒಂದು ಪಾಲು' ಎಂಬ ನಿಯಮದ ಬೇರು ಅಲ್ಲಿದೆ. ಒಂದು ಮೆಟ್ಟಿಲಿನಿಂದ ಮುಂದಿನ ಮೆಟ್ಟಿಲಿಗೆ ದಾಟುವುದು ಸರಾಸರಿ ಹತ್ತರಲ್ಲಿ ಒಂದು ಪಾಲು. ಕೆಲವೆಡೆ ಅದಕ್ಕಿಂತ ಕಡಿಮೆ, ಕೆಲವೆಡೆ ಅದರ ಇಮ್ಮಡಿ.

ಆ ನಿಯಮವನ್ನು ನಮ್ಮ ರಸ್ತೆಗೆ ಹೆಸರು ಕೊಟ್ಟ ಮರಕ್ಕೆ ಅನ್ವಯಿಸಿ ನೋಡೋಣ. ಕಪ್ಪು ರೆಕ್ಕೆಯ ಮೇಲೆ ಹಸುರು ಚುಕ್ಕೆಗಳಿರುವ, ಚಿಟ್ಟೆ ಬಲ್ಲವರು ಟೇಲ್ಡ್ ಜೇ ಎಂದು ಕರೆಯುವ ಚಿಟ್ಟೆಯೊಂದಿದೆ. ಅದರ ಮರಿಹುಳು ಸಂಪಿಗೆಯ ಎಲೆಯನ್ನು ತಿಂದು ಬೆಳೆಯುತ್ತದೆ. ಹುಳುವನ್ನು ಟುವ್ವಿ ಹಕ್ಕಿ ಹಿಡಿಯಬಹುದು. ಟುವ್ವಿಯನ್ನು ಗಿಡುಗ ಹಿಡಿಯಬಹುದು. ಹುಳುಗಳು ಸಾವಿರ ಯೂನಿಟ್ಟಿನಷ್ಟು ಎಲೆ ಮೆದ್ದರೆ ಅವುಗಳ ಮೈಯಾಗಿ ಉಳಿಯುವುದು ನೂರು. ಹಕ್ಕಿಗಳ ಮೈಯಾಗುವುದು ಹತ್ತು. ಗಿಡುಗನ ಮೈಯಾಗುವುದು ಒಂದು. ಉಳಿದದ್ದೆಲ್ಲ ತೆವಳಿದ್ದಕ್ಕೆ, ಹಾರಿದ್ದಕ್ಕೆ, ಉಸಿರಾಡಿದ್ದಕ್ಕೆ, ಮೈ ಬೆಚ್ಚಗಿಟ್ಟುಕೊಂಡದ್ದಕ್ಕೆ ಖರ್ಚಾಗಿ ಬಿಸಿಯಾಗಿ ಹೋಯಿತು. ಇಲ್ಲವೆ ಅರಗದೆ ಹಿಕ್ಕೆಯಾಗಿ ನೆಲಕ್ಕೆ ಬಿತ್ತು. ಮಲ್ಲೇಶ್ವರದಲ್ಲಿ ಕಾಗೆ ಕಂಡಷ್ಟು ಗಿಡುಗ ಏಕೆ ಕಾಣುವುದಿಲ್ಲವೆಂಬುದಕ್ಕೆ ಉತ್ತರದ ಬಹುಪಾಲು ಇದೇ. ಮೇಲಿನ ಪಂಕ್ತಿಗೆ ಬಡಿಸುವ ಹೊತ್ತಿಗೆ ಪಾತ್ರೆಯ ತಳ ಕಾಣುತ್ತಿರುತ್ತದೆ.

ಆದರೆ ಇದಿಷ್ಟೂ ಶಕ್ತಿ ಸಾಗುವ ಸಣ್ಣ ಗಲ್ಲಿ. ಹೆದ್ದಾರಿ ಬೇರೆಯದೇ ಇದೆ. ಕಾಡಿನ ಲೆಕ್ಕ ಹಾಕಿದವರು ಹೇಳುವಂತೆ, ಮರ ಬೆಳೆಸಿದ ಎಲೆಯಲ್ಲಿ ಹಸುರಾಗಿರುವಾಗಲೇ ಹುಳುಹುಪ್ಪಟೆಯ ಬಾಯಿಗೆ ಬೀಳುವುದು ಸಾಮಾನ್ಯವಾಗಿ ಹತ್ತರಲ್ಲಿ ಒಂದು ಪಾಲಿನ ಆಸುಪಾಸು. ಮಿಕ್ಕ ಎಲೆಯೆಲ್ಲ ಹಣ್ಣಾಗಿ, ಒಣಗಿ, ನೆಲಕ್ಕೆ ಬೀಳುತ್ತದೆ. ಅಂದರೆ ಮರದ ಅಡುಗೆಯ ಬಹುಭಾಗವನ್ನು ಉಣ್ಣುವವರು ಮರದ ಮೇಲಿಲ್ಲ, ಮರದ ಕೆಳಗಿದ್ದಾರೆ. ಬೂಷ್ಟು, ಅಣಬೆ, ಬ್ಯಾಕ್ಟೀರಿಯಾ, ಗೆದ್ದಲು, ಸಹಸ್ರಪದಿ, ಎರೆಹುಳು. ಡಾರ್ವಿನ್ ತನ್ನ ಕೊನೆಯ ಪುಸ್ತಕವನ್ನು, 1881ರಲ್ಲಿ, ಎರೆಹುಳುವಿನ ಮೇಲೆ ಬರೆದ. ಇಂಗ್ಲೆಂಡಿನ ಎಷ್ಟೋ ಕಡೆ ಒಂದು ಎಕರೆಯಲ್ಲಿ ವರ್ಷಕ್ಕೆ ಹತ್ತು ಟನ್ನಿಗೂ ಮಿಕ್ಕ ಮಣ್ಣು ಎರೆಹುಳುಗಳ ಹೊಟ್ಟೆಯ ಮೂಲಕ ಹಾದುಹೋಗುತ್ತದೆಂದು ಲೆಕ್ಕ ಹಾಕಿದ. ಆ ದುಡಿಮೆಗೆ ಕೂಲಿ ಕೊಡುವವರು ಯಾರು? ನಾವು 'ಕಸ' ಎಂದು ಕರೆಯುವ ಎಲೆಯೇ ಕೂಲಿ.

ಈಗ ನಮ್ಮ ಹಿರಿಯರ ವಾದಕ್ಕೆ ಬರುತ್ತೇನೆ. "ಸುಟ್ಟರೇನು, ಕೊಳೆತರೇನು?" ಒಟ್ಟು ಮೊತ್ತದ ದೃಷ್ಟಿಯಿಂದ ಅವರು ಹೇಳಿದ್ದು ನಿಜ. ಒಂದು ಕಿಲೋ ಎಲೆ ಸುಟ್ಟಾಗ ಎಷ್ಟು ಬಿಸಿ ಹೊರಡುತ್ತದೆಯೋ, ಅದೇ ಎಲೆ ಪೂರಾ ಕೊಳೆತು ಮುಗಿದಾಗಲೂ ಅಷ್ಟೇ ಬಿಸಿ ಹೊರಟಿರುತ್ತದೆ. ಗೊಬ್ಬರದ ಗುಂಡಿಯೊಳಗೆ ಕೈ ಇಟ್ಟು ನೋಡಿದವರಿಗೆ ಇದು ಗೊತ್ತು. ಒಳಗೆ ಬಿಸಿನೀರಿನ ಹಂಡೆಯಂತೆ ಸುಡುತ್ತಿರುತ್ತದೆ. ಅದೂ ಒಂದು ಬಗೆಯ ಬೆಂಕಿಯೇ. ಆದರೆ ಕೋಟ್ಯಂತರ ಬಾಯಿಗಳ ಮೂಲಕ, ತಿಂಗಳುಗಟ್ಟಲೆ, ತಣ್ಣಗೆ ಉರಿಯುವ ಬೆಂಕಿ.

ಒಂದು ಮದುವೆ ಮನೆಯನ್ನು ನೆನೆಯಿರಿ. ಐನೂರು ಜನಕ್ಕೆ ಅಡುಗೆ ಆಗಿದೆ. ಅನ್ನ, ಹುಳಿ, ಪಾಯಸ ಎಲ್ಲ ಸಿದ್ಧ. ಎಲೆ ಹಾಕಿ ಜನ ಕುಳಿತಿದ್ದಾರೆ. ಆಗ ಮನೆಯ ಹಿರಿಯರೊಬ್ಬರು ಎದ್ದು, "ಉಂಡರೂ ಇದೆಲ್ಲ ಮೈಯಲ್ಲಿ ಉರಿದು ಬಿಸಿಯಾಗಿಯೇ ಹೋಗುವುದು ತಾನೆ? ಶಕ್ತಿಗೆ ನಾಶವಿಲ್ಲ" ಎಂದು ಇಡೀ ಅಡುಗೆಯನ್ನು ಕೋಡಿಒಲೆಗೆ ಸುರಿಸಿಬಿಟ್ಟರೆ? ಉಷ್ಣಗತಿವಿಜ್ಞಾನದ ಪ್ರಕಾರ ಅವರು ತಪ್ಪೇನೂ ಹೇಳಲಿಲ್ಲ. ಆದರೂ ಎದ್ದು ಹೋಗುವ ಐನೂರು ಜನರ ಹಸಿವನ್ನು ಯಾವ ನಿಯಮ ಸಮಾಧಾನ ಮಾಡೀತು? ಬೀದಿಯ ಮೂಲೆಯಲ್ಲಿ ಎಲೆ ಸುಡುವಾಗ ನಾವು ಮಾಡುತ್ತಿರುವುದು ಇದನ್ನೇ, ಇದಕ್ಕಿಂತ ಒಂದು ಕೂದಲೆಳೆಯಷ್ಟೂ ಬೇರೆಯದನ್ನಲ್ಲ. ಹಿಂದೆ ನಮ್ಮ ಅಜ್ಜಿಯರು ಬಚ್ಚಲ ಒಲೆಗೆ ತರಗೆಲೆ ಒಟ್ಟುತ್ತಿದ್ದರು. ಅದರಿಂದ ನಾಲ್ಕು ಜನಕ್ಕೆ ಸ್ನಾನದ ನೀರಾದರೂ ಕಾಯುತ್ತಿತ್ತು. ಬೀದಿಯ ಬೆಂಕಿಯಿಂದ ಕಾಯುವುದು ಆಕಾಶ ಮಾತ್ರ. ಮೇಲಾಗಿ ಎಲೆಯಲ್ಲಿದ್ದ ಸಾರಜನಕದ ಬಹುಪಾಲು ಹೊಗೆಯೊಡನೆ ಹಾರಿಹೋಗುತ್ತದೆ. ಬೂದಿಯಲ್ಲಿ ಉಳಿದ ರಂಜಕ, ಪೊಟ್ಯಾಷುಗಳು ಮೊದಲ ಮಳೆಗೆ ಚರಂಡಿ ಸೇರುತ್ತವೆ. ಏಕಮುಖದ ಶಕ್ತಿಯೂ ಹೋಯಿತು. ಚಕ್ರದಂತೆ ಮರಕ್ಕೆ ಮರಳಬೇಕಾದ ದ್ರವ್ಯವೂ ದಾರಿ ತಪ್ಪಿತು.

ನಮ್ಮ ಬಡಾವಣೆಗಳಲ್ಲಿ ಗುಬ್ಬಚ್ಚಿಗಾಗಿ ಮರುಗದವರಿಲ್ಲ. 2010ರಿಂದ ಮಾರ್ಚ್ 20ನ್ನು ಗುಬ್ಬಚ್ಚಿಯ ದಿನವೆಂದು ಲೋಕವೇ ಆಚರಿಸುತ್ತಿದೆ. ಅಂದು ನಾವು ಮರದ ಗೂಡು ತಂದು ತಾರಸಿಯ ಕೆಳಗೆ ತೂಗುಹಾಕುತ್ತೇವೆ, ಬಟ್ಟಲಲ್ಲಿ ಅಕ್ಕಿ ನುಚ್ಚು ಇಡುತ್ತೇವೆ. ಗುಬ್ಬಚ್ಚಿ ನುಚ್ಚು ತಿಂದೀತು. ಆದರೆ ತನ್ನ ಮರಿಗೆ ಅದು ಉಣಿಸುವುದು ಹುಳುವನ್ನು. ಆ ಹುಳುಹುಪ್ಪಟೆಗಳ ಉಗ್ರಾಣವನ್ನು ಅದೇ ಮಾರ್ಚ್ ತಿಂಗಳಲ್ಲಿ ಗುಡಿಸಿ ಬೆಂಕಿ ಹಚ್ಚುವವರೂ ನಾವೇ. ಗುಬ್ಬಚ್ಚಿ ಕಡಿಮೆಯಾದದ್ದಕ್ಕೆ ಇದೊಂದೇ ಕಾರಣವೆಂದು ನಾನು ಹೇಳುತ್ತಿಲ್ಲ, ಕಾರಣಗಳು ಹಲವು. ಆದರೆ ಮನೆ ಕಟ್ಟಿಕೊಟ್ಟು ಒಲೆ ಆರಿಸುವುದು ಎಂಥ ಆತಿಥ್ಯ? ತರಗೆಲೆ ಕೆದಕುತ್ತ ಗುಂಪುಗುಂಪಾಗಿ ಗಲಾಟೆ ಮಾಡುವ ಹರಟೆಮಲ್ಲಗಳೂ, ನೆಲಕ್ಕಿಳಿದು ಹುಳು ಹೆಕ್ಕುವ ಮಡಿವಾಳ ಹಕ್ಕಿಯೂ ಇದೇ ಪಂಕ್ತಿಯಲ್ಲಿ ಕುಳಿತವರು.

ಎದುರು ಪಕ್ಷದವರ ತೊಂದರೆಗಳು ಸುಳ್ಳಲ್ಲ. ಅವನ್ನು ತಳ್ಳಿಹಾಕಿ ನಾನು ಗೆಲ್ಲಬಯಸುವುದಿಲ್ಲ. ಎಲೆಯಿಂದ ಚರಂಡಿ ಕಟ್ಟುವುದು ನಿಜ. ಮಳೆ ಬಿದ್ದ ಮೇಲೆ ಒದ್ದೆ ಎಲೆಯ ಮೇಲೆ ಸ್ಕೂಟರು ಜಾರುವುದೂ ನಿಜ. ಆದ್ದರಿಂದ ರಸ್ತೆಯನ್ನು ಗುಡಿಸಲೇಬೇಕು. ಗುಡಿಸಬೇಡಿ ಎಂದು ಯಾರೂ ಹೇಳುತ್ತಿಲ್ಲ. ಗುಡಿಸಿದ ಮೇಲೆ ಏನು ಮಾಡಬೇಕು ಎಂಬುದೇ ಪ್ರಶ್ನೆ.

ಚರಂಡಿಗೆ ಬಿಟ್ಟರೆ ಏನಾಗುತ್ತದೆಂಬುದನ್ನು ಈ ಊರು ದೊಡ್ಡ ಪ್ರಮಾಣದಲ್ಲಿ ಕಂಡಿದೆ. ಎಲೆ, ಎಂಜಲು, ಕೊಳಚೆ ಎಲ್ಲದರಲ್ಲಿಯೂ ಇರುವುದು ಹಿಡಿದಿಟ್ಟ ಬಿಸಿಲೇ. ಅದು ಮಿತಿಮೀರಿ ಕೆರೆಗೆ ಸೇರಿದರೆ ನೀರಿನ ಬ್ಯಾಕ್ಟೀರಿಯಾಗಳಿಗೆ ಹಬ್ಬ. ಅವು ಉಣ್ಣುತ್ತ ಉಣ್ಣುತ್ತ ನೀರಿನಲ್ಲಿರುವ ಆಮ್ಲಜನಕವನ್ನು ಮುಗಿಸಿಬಿಡುತ್ತವೆ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಉಸಿರು ಸಿಕ್ಕದೆ ಬೆಳ್ಳಗೆ ತೇಲಿದವು. ಬೆಳ್ಳಂದೂರು ಕೆರೆಗಂತೂ 2017ರ ಫೆಬ್ರವರಿಯಲ್ಲೊಮ್ಮೆ, 2018ರ ಜನವರಿಯಲ್ಲೊಮ್ಮೆ ಬೆಂಕಿಯೇ ಹತ್ತಿತು. ಕಾರಣ ಕಸವೋ, ಒಣಹುಲ್ಲೋ, ಕೆಸರಿನಿಂದ ಏಳುವ ಮೀಥೇನ್ ಅನಿಲವೋ ಎಂದು ಚರ್ಚೆ ನಡೆಯಿತು. ಮೂರರಲ್ಲಿ ಯಾವುದಾದರೂ ಉರಿದದ್ದು ಒಂದೇ: ಎಂದೋ ಯಾವುದೋ ಎಲೆಯ ಮೇಲೆ ಬಿದ್ದ ಬಿಸಿಲು. ನೆಲದಲ್ಲಿ ಸಾವಕಾಶವಾಗಿ ಹೊರಡಬೇಕಾದ ಶಕ್ತಿಯನ್ನು ನೀರಿಗೆ ತಳ್ಳಿದೆವು. ಅದು ನೀರಿನ ಮೇಲೆಯೇ ಉರಿದು ಹೊರಟಿತು.

ಇನ್ನು ಲಾರಿಯಲ್ಲಿ ತುಂಬಿ ಊರಾಚೆ ಸಾಗಿಸುವ ಉಪಾಯ. ಲಾರಿ ಕುಡಿಯುವ ಡೀಸೆಲ್ ಕೋಟ್ಯಂತರ ವರ್ಷಗಳ ಹಿಂದೆ ಕಡಲಿನ ಸೂಕ್ಷ್ಮಜೀವಿಗಳು ಹಿಡಿದ ಬಿಸಿಲು. ಹಳೆಯ ಬಿಸಿಲನ್ನು ಸುಟ್ಟು ಹೊಸ ಬಿಸಿಲನ್ನು ಹೊತ್ತು ಯಾರದೋ ಹಳ್ಳಿಯ ಬಾಗಿಲಿಗೆ ಸುರಿಯುವುದು ಜಾಣತನವಲ್ಲ. ನಮ್ಮ ಕಸದ ನಾತ ಸಹಿಸಿ ಸಹಿಸಿ ಮಾವಳ್ಳಿಪುರದವರೂ ಮಂಡೂರಿನವರೂ ಬೀದಿಗಿಳಿದ ಮೇಲಾದರೂ ನಮಗೆ ಅದು ತಿಳಿಯಬೇಕಾಗಿತ್ತು.

ಜಾಗವೆಲ್ಲಿದೆ ಎಂದು ಕೇಳುತ್ತೀರಿ. ಮಲ್ಲೇಶ್ವರದವರು ಕೇಳಬಾರದ ಪ್ರಶ್ನೆ ಇದು. 1898ರ ಪ್ಲೇಗಿನ ನಂತರ ಬೆಳೆದ ಈ ಬಡಾವಣೆಯಲ್ಲಿ ಮನೆಗಳ ಸಾಲಿನ ಹಿಂದೆ ಕನ್ಸರ್ವೆನ್ಸಿ ಓಣಿಗಳನ್ನು ಬಿಟ್ಟಿದ್ದರು. ಅವು ಅನೇಕ ಕಡೆ ಇಂದಿಗೂ ಉಳಿದಿವೆ, ಮುರಿದ ಕುರ್ಚಿ ಎಸೆಯುವುದಕ್ಕಾಗಿ. ಅಲ್ಲಿ ಜಾಲರಿ ಸುತ್ತಿ ಆಳೆತ್ತರದ ಒಂದು ಪಂಜರ ನಿಲ್ಲಿಸಿದರೆ ಒಂದು ಬೀದಿಯ ಎಲೆ ಹಿಡಿಸುತ್ತದೆ. ಆಗಾಗ ನೀರು ಚಿಮುಕಿಸಿ, ಒಂದಿಷ್ಟು ಸಗಣಿ ನೀರೋ ಹುಳಿ ಮಜ್ಜಿಗೆಯೋ ಹಾಕಿ ಮಗುಚುತ್ತಿದ್ದರೆ ಕೆಲವೇ ತಿಂಗಳಲ್ಲಿ ಕಪ್ಪು ಗೊಬ್ಬರ. ನಾತವಿಲ್ಲ, ನಿಂತ ನೀರಿಲ್ಲವಾದ್ದರಿಂದ ಸೊಳ್ಳೆಯೂ ಇಲ್ಲ. 'ಕಸದಿಂದ ರಸ' ಎಂಬುದನ್ನು ಭಾಷಣದಲ್ಲಿ ಹೇಳುವುದಕ್ಕಿಂತ ಇದು ಸುಲಭ.

ಹೊಸದೇನನ್ನೂ ನಾನು ಹೇಳುತ್ತಿಲ್ಲ. ನನ್ನ ತಾಯಿಯ ತವರು ಶಿರಸಿಯ ಕಡೆ. ಅಲ್ಲಿ ಬೇಸಿಗೆ ಬಂದರೆ ಮನೆಮಂದಿಯೆಲ್ಲ ಬೆಟ್ಟಕ್ಕೆ ಹೋಗಿ ದರಕು ಗುಡಿಸಿ ತರುತ್ತಿದ್ದರು. ದರಕೆಂದರೆ ಇದೇ ತರಗೆಲೆ. ಅದನ್ನು ಕೊಟ್ಟಿಗೆಯಲ್ಲಿ ದನದ ಕಾಲಿನ ಕೆಳಗೆ ಹಾಸಿ, ಗೊಬ್ಬರವಾಗಿಸಿ, ಅಡಿಕೆ ಮರದ ಬುಡಕ್ಕೆ ಕೊಡುವುದು. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ 'ಸೊಪ್ಪಿನ ಬೆಟ್ಟ' ಬಿಟ್ಟುಕೊಡುವ ಪದ್ಧತಿ ಉತ್ತರ ಕನ್ನಡದಲ್ಲಿ ಬ್ರಿಟಿಷರ ಕಾಲದಿಂದ ಉಂಟು. ಒಂದು ಎಕರೆ ಹಸುರಾಗಿರಲು ಒಂಬತ್ತು ಎಕರೆಯ ಬಿಸಿಲು ಬೇಕು ಎಂಬ ಲೆಕ್ಕ ಆ ರೈತರಿಗೆ ಲಿಂಡೆಮನ್ ಹೇಳಿಕೊಟ್ಟದ್ದಲ್ಲ. ಅತಿಯಾಗಿ ಸೊಪ್ಪು ಕಡಿದ ಕಡೆ ಬೆಟ್ಟವೇ ಬೋಳಾದದ್ದೂ ಉಂಟು. ಹಿಂದಿನವರೆಲ್ಲ ಋಷಿಗಳೆಂದು ನಾನು ಹೇಳುವುದಿಲ್ಲ. ಆದರೆ ಎಲೆಯನ್ನು ಅವರು 'ಕಸ' ಎನ್ನಲಿಲ್ಲ. ಅದಕ್ಕೆಂದೇ ಒಂದು ಬೇರೆ ಹೆಸರಿಟ್ಟಿದ್ದರು. ಹೆಸರಿದ್ದ ವಸ್ತುವಿಗೆ ಬೆಲೆ ಇರುತ್ತದೆ. ನಾವು ಹೆಸರನ್ನು ಕಳೆದುಕೊಂಡೆವು, ಬೆಲೆಯನ್ನೂ ಕಳೆದುಕೊಂಡೆವು.

ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಬೆಳಗಿನ ಐದಕ್ಕೆ ಪೊರಕೆ ಹಿಡಿದು ಬರುವ ಪೌರಕಾರ್ಮಿಕರ ಮೇಲೆ ನಾನು ಈ ತಪ್ಪನ್ನು ಹೊರಿಸುತ್ತಿಲ್ಲ. ಗುಡ್ಡೆ ಹಾಕಿದ ಎಲೆಯನ್ನು ಇಡುವುದಕ್ಕೆ ಒಂದು ಬುಟ್ಟಿಯಷ್ಟು ಜಾಗವನ್ನೂ ಕೊಡದೆ, ಎಂಟು ಗಂಟೆಗೆ ರಸ್ತೆ ಕನ್ನಡಿಯಂತಿರಬೇಕು ಎಂದು ಗದರಿಸುವವರು ನಾವು. ಬೀದಿಯಲ್ಲಿ ಕಸ ಸುಡುವುದನ್ನು 2016ರ ಘನತ್ಯಾ‌ಜ್ಯ ನಿಯಮಗಳು ನಿಷೇಧಿಸಿದವು; ಮರ ಕಡಿಯಲು ಅನುಮತಿ ಬೇಕೆಂದು 1976ರ ರಾಜ್ಯದ ಮರಗಳ ಸಂರಕ್ಷಣಾ ಕಾಯಿದೆ ಹೇಳುತ್ತದೆ. ಕಾನೂನಿಗೇನೂ ಕೊರತೆಯಿಲ್ಲ. ಒಂದು ಮನವಿಗೆ ಹದಿನಾಲ್ಕು ಸಹಿ ಬಿದ್ದಾಗ ಹದಿನೈದನೆಯವನು ಏನು ಮಾಡುತ್ತಾನೆ ಎಂಬುದರ ಮೇಲೆ ಕಾನೂನಿನ ಬಾಳು ನಿಂತಿದೆ.

ನಾನು ಇಷ್ಟು ಗಟ್ಟಿಯಾಗಿ ಮಾತನಾಡುವುದಕ್ಕೆ ಒಂದು ಕಾರಣವಿದೆ. ಹೇಳಲು ಸಂಕೋಚ, ಆದರೂ ಹೇಳಬೇಕು. ಹನ್ನೆರಡು ವರ್ಷದ ಹಿಂದೆ ಇಂಥದೇ ಕಾಗದ ನನ್ನ ಬಳಿಗೆ ಬಂದಿತ್ತು. ನಮ್ಮ ಗೇಟಿನ ಪಕ್ಕದಲ್ಲಿ ಒಂದು ಸಂಪಿಗೆ ಮರವಿತ್ತು. ಬೇರು ಕಾಂಪೌಂಡನ್ನು ಎತ್ತುತ್ತಿದೆ, ಎಲೆ ಬಿದ್ದು ಅಂಗಳ ಹೊಲಸಾಗುತ್ತಿದೆ ಎಂದು ಬರೆದಿತ್ತು. ಓದದೆಯೇ ಸಹಿ ಹಾಕಿದೆ, ಕಾಲೇಜಿಗೆ ಹೊತ್ತಾಗಿತ್ತು. ಒಂದು ದಿನ ಸಂಜೆ ಬರುವಾಗ ಮರ ಇರಲಿಲ್ಲ. ಅಮ್ಮ ಎರಡು ದಿನ ನನ್ನೊಡನೆ ಮಾತನಾಡಲಿಲ್ಲ. ಬೆಳಗ್ಗೆ ದೇವರಿಗೆ ಹೂವಿಲ್ಲವೆಂದು ಸಿಟ್ಟು ಎಂದುಕೊಂಡೆ. ಆಮೇಲೆ ಆ ಜಾಗಕ್ಕೆ ಇಂಟರ್‌ಲಾಕ್ ಕಲ್ಲು ಹಾಕಿಸಿದೆವು. ಅಂಗಳ ಚೊಕ್ಕಟವಾಯಿತು.

ಆ ಕಲ್ಲಿನ ಮೇಲೆ ಈಗಲೂ ದಿನಕ್ಕೆ ಚದರ ಮೀಟರಿಗೆ 5 ಯೂನಿಟ್ ಬಿಸಿಲು ಬೀಳುತ್ತಿದೆ. ಸೂರ್ಯ ಪಡಿಯನ್ನು ಕಡಿಮೆ ಮಾಡಿಲ್ಲ. ಮಧ್ಯಾಹ್ನ ಕಲ್ಲು ಕಾಯುತ್ತದೆ. ರಾತ್ರಿ ಹತ್ತರವರೆಗೂ ಆ ಝಳ ಕಿಟಕಿಯಿಂದ ಒಳಗೆ ಬರುತ್ತದೆ. ಬೆಳಗಿನ ಹೊತ್ತಿಗೆ ಎಲ್ಲ ಆಕಾಶಕ್ಕೆ ಹೋಗಿರುತ್ತದೆ. ಅಂದು ಬಂದದ್ದು ಅಂದೇ ಹೋಯಿತು. ನಡುವೆ ಒಂದು ಚಿಟ್ಟೆ ಹಾರಲಿಲ್ಲ, ಒಂದು ಹುಳು ಉಣ್ಣಲಿಲ್ಲ, ಒಂದು ಹೂವು ಅಮ್ಮನ ಬುಟ್ಟಿಗೆ ಬೀಳಲಿಲ್ಲ. ಮರವಿದ್ದಾಗ ಅದೇ ಬಿಸಿಲಿನ ಒಂದಂಶ ಎಲೆಯಲ್ಲಿ ತಿಂಗಳುಗಟ್ಟಲೆ, ಮಣ್ಣಿನಲ್ಲಿ ವರ್ಷಗಟ್ಟಲೆ, ಕಾಂಡದಲ್ಲಿ ತಲೆಮಾರುಗಟ್ಟಲೆ ತಂಗಿ, ಸಿಕ್ಕಿದವರಿಗೆಲ್ಲ ತುತ್ತು ಕೊಟ್ಟು ಹೋಗುತ್ತಿತ್ತು. ಜೀವವೆಂದರೆ ಹೋಗುವ ಶಕ್ತಿಯನ್ನು ತುಸು ಹೊತ್ತು ನಿಲ್ಲಿಸಿಕೊಳ್ಳುವ ಉಪಾಯ, ಅಷ್ಟೇ. ಸಂಪಿಗೆ ರಸ್ತೆಯಲ್ಲಿ ಇಂದು ಸಂಪಿಗೆಯ ಮರವನ್ನು ಹುಡುಕಿ ನೋಡಬೇಕಾಗಿದೆ. ಆ ಕೊರತೆಯಲ್ಲಿ ನನ್ನ ಒಂದು ಸಹಿಯೂ ಇದೆ.

ಆದ್ದರಿಂದ, ಸಾರ್, ನೀವು ಕೇಳಿದ ಕಾರಣ ಇದು. ಮರ ತೆಗೆಸುವ ಕಾಗದದಲ್ಲಿ ನನ್ನ ಸಹಿ ಇರುವುದಿಲ್ಲ. ಅದರ ಬದಲು ಬೇರೊಂದು ಕಾಗದ ಬರೆಯೋಣ. ಬೀದಿಯಲ್ಲಿ ಎಲೆ ಸುಡುವುದನ್ನು ಈ ವರ್ಷದಿಂದಲೇ ನಿಲ್ಲಿಸಬೇಕು. ಹಿಂದಿನ ಓಣಿಯನ್ನು ತೆರವು ಮಾಡಿ ಎರಡು ಜಾಲರಿ ಪಂಜರ ನಿಲ್ಲಿಸಬೇಕು. ಹೊಂಗೆಯ ಬುಡದ ಸುತ್ತ ಮುಚ್ಚಿರುವ ಕಾಂಕ್ರೀಟನ್ನು ಒಡೆದು ಒಂದು ಗಜವಾದರೂ ಮಣ್ಣು ಬಿಡಬೇಕು. ಪಂಜರದ ಖರ್ಚಿನಲ್ಲಿ ನನ್ನ ಪಾಲನ್ನು ಮೊದಲು ಕೊಡುತ್ತೇನೆ. ನೀವು ಎಂಜಿನಿಯರರು, ಅದರ ನಕ್ಷೆ ನೀವು ಹಾಕಬೇಕು. ಸಹಿ ಮಾಡಿಸಲು ಮನೆಮನೆಗೆ ನಾನು ಬರುತ್ತೇನೆ.

ನಮ್ಮ ಗೇಟಿನ ಪಕ್ಕದ ನಾಲ್ಕು ಇಂಟರ್‌ಲಾಕ್ ಕಲ್ಲುಗಳನ್ನು ನಿನ್ನೆ ಕೀಳಿಸಿದ್ದೇನೆ. ಅಮ್ಮ ಲಾಲ್‌ಬಾಗಿನಿಂದ ಸಂಪಿಗೆಯ ಸಸಿ ತರಿಸಲು ಹೇಳಿದ್ದಾರೆ. ಅದು ಹೂ ಬಿಡಲು ವರ್ಷಗಳು ಬೇಕು. ಎಲೆ ಮಾತ್ರ ಮುಂದಿನ ಫಾಲ್ಗುಣಕ್ಕೇ ಉದುರೀತು. ಉದುರಲಿ.